ಕಟ್ಟದೆ ಉಳಿದ ಗುಮ್ಮಟ

ರೋಮ್, ಸಂತ ಇಗ್ನೇಷಿಯಸ್ ಚರ್ಚು. ನಡುವಣ ಹಜಾರದ ನೆಲದಲ್ಲಿ ದುಂಡನೆಯ ಅಮೃತಶಿಲೆಯೊಂದಿದೆ. ಅದರ ಮೇಲೆ ನಿಂತು ತಲೆ ಎತ್ತಿದರೆ ಗೋಡೆಗಳು ಮುಗಿಯುವುದೇ ಇಲ್ಲ. ಕಂಬದ ಮೇಲೆ ಕಂಬ, ಕಮಾನಿನ ಮೇಲೆ ಕಮಾನು, ಆಮೇಲೆ ತೆರೆದ ಆಕಾಶ. ಪಕ್ಕಕ್ಕೆ ಸರಿದೆ. ಕಂಬಗಳೆಲ್ಲ ವಾಲಿಕೊಂಡವು.

ಕಣ್ಣನ್ನು ಇಷ್ಟು ನಂಬಿಸಿದವರು, ಎಲ್ಲಿ ನಿಂತರೆ ಮಾತ್ರ ನಂಬಿಕೆ ಹುಟ್ಟುತ್ತದೆಂದು ನೆಲದಲ್ಲಿ ಗುರುತು ಹಾಕಿದ್ದೇಕೆ?

*

ಮುಂದೆ ಇನ್ನೊಂದು ಗುರುತು. ಅಲ್ಲಿಂದ ಕಾಣುವ ಗುಮ್ಮಟ ಬರೀ ಚಪ್ಪಟೆ ಕ್ಯಾನ್ವಾಸು.

ಕಟ್ಟಡ ಶುರುವಾದದ್ದು 1626ರಲ್ಲಿ. ಹಣ ಕಾರ್ಡಿನಲ್ ಲುಡೊವಿಸಿಯದು, ನಕ್ಷೆ ಒರಾಜಿಯೊ ಗ್ರಾಸ್ಸಿಯದು. ಧೂಮಕೇತುಗಳ ವಿಷಯದಲ್ಲಿ ಗೆಲಿಲಿಯೊ ಜೊತೆ ವಾದಕ್ಕಿಳಿದ ಜೆಸ್ವಿಟ್ ಗಣಿತಜ್ಞನೇ ಈ ಗ್ರಾಸ್ಸಿ. ಗುಮ್ಮಟ ಮಾತ್ರ ಮೇಲೇಳಲಿಲ್ಲ. ದುಡ್ಡು ಸಾಲಲಿಲ್ಲ ಎನ್ನುತ್ತಾರೆ; ತಮ್ಮ ಗ್ರಂಥಾಲಯಕ್ಕೆ ಬೆಳಕು ತಪ್ಪುತ್ತದೆಂದು ನೆರೆಯ ಡೊಮಿನಿಕನ್ನರು ತಕರಾರು ತೆಗೆದರು ಎನ್ನುವವರೂ ಇದ್ದಾರೆ. ಕೊನೆಗೆ 1685ರಲ್ಲಿ ಆಂಡ್ರಿಯಾ ಪೊಜ್ಜೊ ಎಂಬ ಜೆಸ್ವಿಟ್ ಬ್ರದರ್ ಅದನ್ನು ಬಣ್ಣದಲ್ಲಿ ಎಬ್ಬಿಸಿದ.

ಚಿತ್ರದ ಕಂಬಗಳು ಗೋಡೆಯಿಂದ ಹೊರಚಾಚಿದ ಕಲ್ಲುಗಳ ಮೇಲೆ ನಿಂತಿವೆ. ನಿಜವಾದ ಕಟ್ಟಡದಲ್ಲಿ ಹೀಗೆ ಯಾರೂ ಮಾಡುವುದಿಲ್ಲವೆಂದು ಕೆಲವು ವಾಸ್ತುಶಿಲ್ಪಿಗಳು ಆಕ್ಷೇಪಿಸಿದರಂತೆ. ಭಾರಕ್ಕೆ ಕಲ್ಲು ಕುಸಿಯುವಂತಾದರೆ ರಿಪೇರಿ ಖರ್ಚು ನನ್ನದು ಎಂದು ಚಿತ್ರಕಾರ ಗೆಳೆಯನೊಬ್ಬ ಮಾತು ಕೊಟ್ಟನಂತೆ. ಪೊಜ್ಜೊನೇ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಬಣ್ಣದ ಕಂಬದ ಭಾರಕ್ಕೆ ತಿಳಿದವರೇ ಚಿಂತಿಸಿದರೆಂದರೆ ಆ ಕೈಗೆ ಇನ್ನೆಂಥ ಮೆಚ್ಚುಗೆ ಬೇಕು!

*

ಮೊದಲ ಗುರುತಿನ ಮೇಲಿರುವ ಹಜಾರದ ಚಾವಣಿಯ ಚಿತ್ರವೂ ಪೊಜ್ಜೊನದೇ. ಆ ಚಾವಣಿ ಉದ್ದಕ್ಕೂ ಕಮಾನಾಗಿ ಬಾಗಿದೆ. ಬಾಗಿದ ಮೈಮೇಲೆ ನೆಟ್ಟಗಿನ ಕಂಬ ಬರೆಯುವುದು ಹೇಗೆ?

ಬಾಗು ಶುರುವಾಗುವ ಎತ್ತರದಲ್ಲಿ ದಾರಗಳ ಚೌಕಳಿ ಬಲೆ ಕಟ್ಟಬೇಕು. ರಾತ್ರಿ ಹೊತ್ತು, ನೋಡುವವನ ಕಣ್ಣಿರುವ ಜಾಗದಲ್ಲಿ ದೀಪವಿಡಬೇಕು. ಬಲೆಯ ನೆರಳು ಚಾವಣಿಯಲ್ಲಿ ಸೊಟ್ಟಸೊಟ್ಟಾಗಿ ಬೀಳುತ್ತದೆ, ಬಿದ್ದಲ್ಲೇ ಗೆರೆ. ನೆರಳು ಮಸುಕಾದರೆ ಅದೇ ಬಿಂದುವಿನಿಂದ ಹುರಿ ಎಳೆದು ಗುರುತು. ಸೊಟ್ಟ ಚೌಕಗಳಲ್ಲಿ ಬರೆದದ್ದು ಕೆಳಗಿನಿಂದ ನೆಟ್ಟಗಾಗುತ್ತದೆ.

ಹಾಗಾದರೆ ನೆಲದ ಆ ಕಲ್ಲು ಚಿತ್ರ ಹುಟ್ಟಿದ ಜಾಗ. ಎಲ್ಲ ಗೆರೆಗಳನ್ನೂ ನಿಜವಾದ ಬಿಂದುವಿಗೆ, ದೇವರ ಮಹಿಮೆಗೆ, ಎಳೆಯಿರಿ ಎಂದು ಪೊಜ್ಜೊ ಓದುಗರಿಗೆ ಹೇಳುತ್ತಾನೆ. ಮೇಲೆ ಕ್ರಿಸ್ತನಿಂದ ಹೊರಟ ಬೆಳಕು ಇಗ್ನೇಷಿಯಸ್‌ರನ್ನು ತಲುಪಿ, ಅಲ್ಲಿಂದ ನಾಲ್ಕು ಖಂಡಗಳಿಗೆ ಕವಲೊಡೆದಿದೆ. ಮುಚ್ಚಿಡುವಂಥದ್ದು ಅವನ ಬಳಿ ಏನೂ ಇರಲಿಲ್ಲವೆಂದು ಈಗ ಅನ್ನಿಸುತ್ತಿದೆ.

*

ಬಲಬದಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಸಮಾಧಿ. 1591ರಲ್ಲಿ, ಪಿಡುಗು ತಗುಲಿದವರ ಸೇವೆಗೆ ನಿಂತು, 23ರ ಹರೆಯದಲ್ಲೇ ತೀರಿಕೊಂಡವರು. ಮಂಗಳೂರಿನ ಚಾಪೆಲ್‌ಗೆ ಇವರದೇ ಹೆಸರು. ಅದರ ಚಾವಣಿಯಲ್ಲಿ ಇವರ ಬದುಕನ್ನು ಚಿತ್ರಿಸಿದ ಆಂಟೋನಿಯೊ ಮೊಸ್ಕೆನಿಯೂ ಪೊಜ್ಜೊನಂತೆ ಇಟಲಿಯ ಜೆಸ್ವಿಟ್ ಬ್ರದರ್.

ರೋಮಿನ ಈ ಸಮಾಧಿಯ ಬಲಿಪೀಠದ ವಿನ್ಯಾಸವೂ ಪೊಜ್ಜೊನದು. ಆದರೆ ಇಲ್ಲಿ ಎಲ್ಲವೂ ಕಲ್ಲು: ಹಗ್ಗದ ಹಾಗೆ ಹೊಸೆದ ಹಸಿರು ಕಂಬಗಳು, ಪಿಯರ್ ಲೆ ಗ್ರೊ ಕಡೆದ ಬಿಳಿಯ ಉಬ್ಬುಶಿಲ್ಪ, ನೀಲಿ ಕಲ್ಲಿನ ಕರಂಡ. ಕುಂಚದಿಂದ ಕಂಬ ನಿಲ್ಲಿಸಬಲ್ಲವನಿಗೆ ಕಲ್ಲೇಕೆ ಬೇಕಾಯಿತು? ಸಮಾಧಿಗೆ ಜನ ಎಲ್ಲ ಕಡೆಯಿಂದಲೂ ಬರುತ್ತಾರೆ, ಹತ್ತಿರ ಬಂದು ಮೊಣಕಾಲೂರುತ್ತಾರೆ. ಅವರನ್ನು ಒಂದೇ ಗುರುತಿನ ಮೇಲೆ ನಿಲ್ಲಿಸಲಾಗದು. ಅದಕ್ಕೇ ಇರಬೇಕು.