ಶರೀಫಜ್ಜನೂ ಗಿಟಾರೂ

ಬೊಮ್ಮನಹಳ್ಳಿಯಲ್ಲಿ ಮನೆ ಮಾಡಿದವನಿಗೆ ಗದ್ದಲದ ವಿಷಯವಾಗಿ ಮಾತನಾಡುವ ಅಧಿಕಾರ ತಾನಾಗಿಯೇ ಬರುತ್ತದೆ. ಹೊಸೂರು ರಸ್ತೆಯ ಲಾರಿಗಳ ಹಾರನ್ನನ್ನೇ ಸುಪ್ರಭಾತವೆಂದು ಭಾವಿಸಿ ಏಳುವವನು ನಾನು. ಅಂಥ ನಾನು 2008ರಲ್ಲಿ ಒಂದು ಹಾಡನ್ನು ಗದ್ದಲವೆಂದು ತಳ್ಳಿಹಾಕಿದೆ. ಆ ತೀರ್ಪಿನ ಕಥೆ ಇದು.

ಆಗ ನಾನು ಕಾಲೇಜಿಗೆ ಹೊಸ ಮೇಷ್ಟ್ರು. ವಿದ್ಯಾರ್ಥಿಯೊಬ್ಬ ಒಂದು ಸಿ.ಡಿ. ತಂದುಕೊಟ್ಟ. ಆ ವರ್ಷವಷ್ಟೇ ಬಂದಿದ್ದ ರಘು ದೀಕ್ಷಿತರ ಮೊದಲ ಆಲ್ಬಮ್ಮು. ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತು, ಕೊನೆಗೆ ಗಿಟಾರು ಹಿಡಿದವರು. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಸಂಸ್ಥೆಯಿಂದ ಅದನ್ನು ಹೊರತಂದಿದ್ದರು. ಅದರ ಎಂಟು ಹಾಡುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದ!

"ಕೇಳಿ ನೋಡಿ ಸಾರ್, ಕಾಲೇಜ್ ಡೇಗೆ ನಾವು ಇದನ್ನೇ ಹಾಡಬೇಕೂಂತ ಇದ್ದೀವಿ" ಎಂದ.

ಅರ್ಧ ಕೇಳಿದೆ. "ಶರೀಫರ ಗುಡುಗುಡಿ ಆರಿಹೋಗಿ ಬರೀ ಹೊಗೆ ಉಳಿದಿದೆ" ಎಂದು ಅಧ್ಯಾಪಕರ ಕೊಠಡಿಯಲ್ಲಿ ಚಟಾಕಿ ಹಾರಿಸಿದೆ. ಜೊತೆಯವರು ನಕ್ಕರು. ಆ ನಗೆಯ ಬಲದಿಂದಲೇ ಕಾರ್ಯಕ್ರಮದ ಪಟ್ಟಿಯಿಂದ ಹಾಡನ್ನು ಹೊಡೆದುಹಾಕಿದೆ. ಹುಡುಗ ವಾದ ಮಾಡಲಿಲ್ಲ. ಗಿಟಾರನ್ನು ಚೀಲದೊಳಗಿಟ್ಟು ಜಿಪ್ಪು ಎಳೆದ. ಸಿ.ಡಿ.ಯನ್ನು ಹಿಂದಕ್ಕೆ ಕೇಳಲೂ ಇಲ್ಲ.

2010ರಲ್ಲಿ ದೀಕ್ಷಿತರು ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಹಾಡಿದರು, ಆಲ್ಬಮ್ಮು ಇಂಗ್ಲೆಂಡಿನ ಐಟ್ಯೂನ್ಸಿನ ವಿಶ್ವಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಪ್ರಶಸ್ತಿಯೂ ಬಂತು. ನಾನು ಕರಗಲಿಲ್ಲ. ಮಾತು ತಿಳಿಯದವರ ಚಪ್ಪಾಳೆಗೆ ಕನ್ನಡ ಮೇಷ್ಟ್ರು ಬೆಲೆ ಕೊಡುವುದುಂಟೆ?

ನನ್ನನ್ನು ಸೋಲಿಸಿದ್ದು ಲಂಡನ್ನಲ್ಲ, ನನ್ನದೇ ತರಗತಿ. ಈಚೆಗೆ ಶರೀಫರ ಪಾಠ ಮಾಡುತ್ತಿದ್ದೆ. "1889ರಲ್ಲಿ ತೀರಿಕೊಂಡವರು, ಪದಗಳು ಬಾಯಿಂದ ಬಾಯಿಗೆ ಬಂದವು" ಎಂದೆ. ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ಶರೀಫರ ಅಸಲಿ ಧಾಟಿ ಯಾವುದು ಸಾರ್?" ಎಂದಳು. ಹಾಡಿ ತೋರಿಸೋಣವೆಂದು ಬಾಯಿ ತೆರೆದೆ. ಹೊರಬಂದದ್ದು ಸಿ. ಅಶ್ವಥರ ಧಾಟಿ! ಬಾಲ್ಯದಲ್ಲಿ ನಮ್ಮ ಮನೆಯ ಟೇಪ್‌ರೆಕಾರ್ಡರು ನನ್ನ ಕಿವಿಗೆ ತುಂಬಿದ್ದು.

ಆ ಟೇಪ್‌ರೆಕಾರ್ಡರಿನ ಮುಂದೆ ಅಜ್ಜಿ ಕೂತಿದ್ದ ಚಿತ್ರ ಕಣ್ಣಿಗೆ ಕಟ್ಟಿತು. ಶಿಗ್ಗಾಂವಿ ಕಡೆಯವಳು; ಏಕತಾರಿ, ತಾಳದ ಭಜನೆಯಲ್ಲಿ ಆ ಪದಗಳನ್ನು ಕೇಳಿ ಬೆಳೆದವಳು. ಅಶ್ವಥರ ಕ್ಯಾಸೆಟ್ಟು ಕೇಳಿ ಅವಳು ಹೇಳಿದ್ದು ಇಷ್ಟೇ: "ಪೇಟಿ ಐತಿ, ತಬಲಾ ಐತಿ. ನಮ್ಮ ಶರೀಫಜ್ಜ ಎಲ್ಲದಾನ?" ನಾವೆಲ್ಲ ನಕ್ಕಿದ್ದೆವು.

ಅಂದರೆ 2008ರಲ್ಲಿ ನಾನು ಕಾಯಲು ಹೊರಟದ್ದು ಶರೀಫರನ್ನಲ್ಲ, ನಮ್ಮ ಮನೆಯ ಕ್ಯಾಸೆಟ್ಟನ್ನು. ಅಜ್ಜಿಯಾದರೋ ತನ್ನ ಅಭಿಪ್ರಾಯ ಹೇಳಿ ಸುಮ್ಮನಾದಳು. ಯಾರ ಬಾಯಿಯನ್ನೂ ಕಟ್ಟಲಿಲ್ಲ. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು.

ಅಂದು ರಾತ್ರಿ ಸಿ.ಡಿ. ಹುಡುಕಿ ತೆಗೆದೆ. ಹಾಕಲು ಯಂತ್ರವಿಲ್ಲ, ಮಗಳ ಮೊಬೈಲಿನಲ್ಲಿ ಆ ಪದವನ್ನು ಮೊದಲ ಬಾರಿ ಕೊನೆಯವರೆಗೆ ಕೇಳಿದೆ. ಈಗಲೂ ನನಗೆ ವಾದ್ಯಗಳ ಅಬ್ಬರ ಕೊಂಚ ಹೆಚ್ಚೇ. ಆದರೆ ಮಗಳ ಕಾಲು ತಾಳ ಹಾಕುತ್ತಿತ್ತು. ನಾಳೆ ಅವಳಿಗೆ ಇದೇ ಅಸಲಿ ಧಾಟಿ.

ಸಿ.ಡಿ. ಮೇಜಿನ ಮೇಲಿದೆ. ಅದರ ಒಡೆಯ ಈಗ ಎಲ್ಲಿದ್ದಾನೋ, ಹಾಡುತ್ತಾನೋ ಇಲ್ಲವೋ. ಸಿಕ್ಕರೆ ಅದನ್ನು ಹಿಂದಿರುಗಿಸಬೇಕು. ಎದುರಿಗೆ ಕೂತು, ಅವನು ಹಾಡಿದರೆ, ಪೂರ್ತಿ ಕೇಳಬೇಕು.