ಮುಕ್ಕಾಲು ಡಾಲರಿನ ಕಳ್ಳ

ಕಂಪ್ಯೂಟರು ಬರುವ ಮೊದಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರಿಗೆಲ್ಲ ಒಂದು ಕಟ್ಟುಪಾಡು ನೆನಪಿರುತ್ತದೆ. ಸಂಜೆ ಲೆಕ್ಕ ಟ್ಯಾಲಿ ಆಗುವವರೆಗೆ ಯಾರೂ ಮನೆಗೆ ಹೊರಡುವಂತಿಲ್ಲ. ಹತ್ತು ಪೈಸೆ ಕಡಿಮೆ ಬಂದರೂ ತಪ್ಪು, ಹೆಚ್ಚು ಬಂದರೂ ತಪ್ಪು. "ಹತ್ತು ಪೈಸೆ ತಾನೇ ಸಾರ್, ನಾನೇ ಜೇಬಿನಿಂದ ಹಾಕ್ತೀನಿ" ಎಂದರೆ ಮ್ಯಾನೇಜರು ಒಪ್ಪುತ್ತಿರಲಿಲ್ಲ. ಹತ್ತು ಪೈಸೆಯ ಹಿಂದೆ ಹತ್ತು ಸಾವಿರದ ತಪ್ಪು ಅಡಗಿರಬಹುದು ಎನ್ನುತ್ತಿದ್ದರು. ವ್ಯತ್ಯಾಸವನ್ನು 9ರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಯಾರೋ 45 ಬರೆಯುವ ಕಡೆ 54 ಬರೆದಿರಬಹುದು ಎಂಬ ಉಪಾಯವನ್ನು ನಾನು ಕಲಿತದ್ದೂ ಅಲ್ಲಿಯೇ. ಮಕ್ಕಳೇ, ಬೇಕಾದರೆ ಯಾವುದೇ ಎರಡಂಕಿಯ ಸಂಖ್ಯೆಯನ್ನು ತಿರುವಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು ನೋಡಿ.

ಹೀಗೆ ಮೂವತ್ತು ವರ್ಷ ಕಳೆದ ನನಗೆ ಕ್ಲಿಫರ್ಡ್ ಸ್ಟಾಲ್ ಅವರ ಕಥೆ ಓದಿದಾಗ, ಇವರು ನಮ್ಮ ಬ್ರಾಂಚಿನವರೇ ಇರಬೇಕು ಅನ್ನಿಸಿತು. ಸ್ಟಾಲ್ ಅಮೆರಿಕದ ಖಗೋಳ ವಿಜ್ಞಾನಿ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸಕ್ಕೆ ಬಂದರು. ಅಲ್ಲಿ ಕಂಪ್ಯೂಟರನ್ನು ಎಷ್ಟು ಹೊತ್ತು ಬಳಸಿದರೆ ಅಷ್ಟಕ್ಕೆ ಬಾಡಿಗೆ. ಲೆಕ್ಕದಲ್ಲಿ 75 ಸೆಂಟ್, ಅಂದರೆ ಮುಕ್ಕಾಲು ಡಾಲರು, ಹೊಂದಲಿಲ್ಲ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಸ್ಟಾಲ್ ಹುಡುಕಿದರು. ಯಾರೋ ಕೆಲವೇ ಸೆಕೆಂಡುಗಳ ಕಾಲ ಕಂಪ್ಯೂಟರು ಬಳಸಿ ಬಾಡಿಗೆ ಕೊಟ್ಟಿರಲಿಲ್ಲ. ಆ 'ಯಾರೋ' ಪ್ರಯೋಗಾಲಯದವನೇ ಅಲ್ಲ!

ಸ್ಟಾಲ್ ಕಚೇರಿಯ ಪ್ರಿಂಟರುಗಳನ್ನೆಲ್ಲ ಒಟ್ಟುಮಾಡಿ, ಹೊರಗಿನಿಂದ ಬರುವ ತಂತಿಗಳಿಗೆ ಜೋಡಿಸಿ, ಅವುಗಳ ಪಕ್ಕದಲ್ಲೇ ಮಲಗಿದರು. ಕಳ್ಳ ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಅಚ್ಚಾಯಿತು. ಕಂಪ್ಯೂಟರು ಐದು ನಿಮಿಷಕ್ಕೊಮ್ಮೆ ತಾನಾಗಿ ನಡೆಸುವ ಪ್ರೋಗ್ರಾಮಿನ ಜಾಗದಲ್ಲಿ ಅವನು ತನ್ನ ಪ್ರೋಗ್ರಾಮನ್ನು ಇಟ್ಟಿದ್ದ. ನಮ್ಮ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲವೇ, ಹಾಗೆ. ಕಾಗೆ ತನ್ನದೆಂದೇ ಕಾವು ಕೊಡುತ್ತದೆ. ಅದಕ್ಕೇ ಸ್ಟಾಲ್ 1989ರಲ್ಲಿ ಬರೆದ ಪುಸ್ತಕಕ್ಕೆ 'ಕುಕೂಸ್ ಎಗ್' ಎಂದು ಹೆಸರು.

ಆ ಕಳ್ಳ ಬೇರೆ ಕಂಪ್ಯೂಟರುಗಳಿಗೂ ನುಗ್ಗುತ್ತಿದ್ದ. ಎಷ್ಟೋ ಕಡೆ ಅವನಿಗೆ ಬುದ್ಧಿ ಖರ್ಚಾಗಲೇ ಇಲ್ಲ. ಕಂಪನಿ ಯಂತ್ರದ ಜೊತೆ ಕೊಟ್ಟ ಪಾಸ್‌ವರ್ಡನ್ನು ಜನ ಬದಲಾಯಿಸಿಯೇ ಇರಲಿಲ್ಲ. ಕೊನೆಗೆ ಸ್ಟಾಲ್ ಸುಳ್ಳು ದಾಖಲೆಗಳ ರಾಶಿಯನ್ನು ಬಲೆಯಾಗಿ ಒಡ್ಡಿದರು. ಅದನ್ನು ಓದುತ್ತ ಕಳ್ಳ ಬಹಳ ಹೊತ್ತು ಕೂತ, ಜಾಡು ಹಿಡಿಯಲು ಬೇಕಾದಷ್ಟು ಸಮಯ ಸಿಕ್ಕಿತು. ಅವನಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಕದ್ದ ಮಾಹಿತಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. ಹೊಂದದ ಮುಕ್ಕಾಲು ಡಾಲರಿನ ಹಿಂದೆ ಇಷ್ಟು ಇತ್ತು.

ಈ ಕಥೆ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಕಳೆದ ಬೇಸಿಗೆ ರಜೆಯಲ್ಲಿ. ಮಧ್ಯಾಹ್ನ ನನ್ನ ಹೆಂಡತಿ, "ರೀ, ಕಂಪ್ಯೂಟರಿನ ಮುಂದೆ ಯಾರೂ ಇಲ್ಲ, ಅದರ ಫ್ಯಾನು ಯಾಕೆ ಇಷ್ಟು ಬೊಬ್ಬೆ ಹೊಡೀತಿದೆ?" ಎಂದಳು. ನೋಡಲು ಸಣ್ಣ ಮಾತು, ಆದರೆ ಲೆಕ್ಕ ಹೊಂದಲಿಲ್ಲ. ಟಾಸ್ಕ್ ಮ್ಯಾನೇಜರು ತೆರೆದೆ. ಗೊತ್ತಿಲ್ಲದ ಹೆಸರಿನ ಪ್ರೋಗ್ರಾಮೊಂದು ಮೈಮುರಿದು ಕೆಲಸ ಮಾಡುತ್ತಿತ್ತು. ರಿಸೋರ್ಸ್ ಮಾನಿಟರಿನಲ್ಲಿ 'ನೆಟ್‌ವರ್ಕ್' ಎಂಬ ಪುಟವಿದೆ. ಯಾವ ಪ್ರೋಗ್ರಾಮು ಯಾವ ವಿಳಾಸದ ಜೊತೆ ಮಾತಾಡುತ್ತಿದೆ ಎಂದು ಅದು ತೋರಿಸುತ್ತದೆ. ಇದು ಎಲ್ಲಿಗೋ ಏನನ್ನೋ ಕಳಿಸುತ್ತಲೇ ಇತ್ತು. ಮೊದಲು ಇಂಟರ್ನೆಟ್ಟಿನ ಕೇಬಲ್ ಕಿತ್ತೆ. ತಿರುಗಿದರೆ ಏಳನೇ ಕ್ಲಾಸಿನ ಮೊಮ್ಮಗನ ಮುಖ ಬಿಳಿಚಿತ್ತು.

"ತಾತ, ಗೇಮಿಗೆ ಕಾಯಿನ್ ಫ್ರೀ ಸಿಗುತ್ತೆ ಅಂತ ಹಾಕಿದ್ದೆ. ಆಂಟಿವೈರಸ್ ಆಫ್ ಮಾಡು ಅಂತು, ಮಾಡಿದೆ."

"ಯಾವತ್ತೋ ಪುಟ್ಟ?"

"ನಾಲ್ಕು ದಿನ ಆಯ್ತು. ಮಾರನೇ ದಿನವೇ ಏನೋ ಸರಿಯಿಲ್ಲ ಅನ್ನಿಸ್ತು. ಅಮ್ಮ ಬೈತಾರೆ ಅಂತ ಹೇಳಲಿಲ್ಲ."

ಪಾಸ್‌ವರ್ಡುಗಳನ್ನೆಲ್ಲ ಫೋನಿನಿಂದ ಬದಲಾಯಿಸಿದೆವು. ಪಿಂಚಣಿ ಖಾತೆ ನೋಡಿದೆವು, ಹಣ ಹೋಗಿರಲಿಲ್ಲ. ಫೋಟೋಗಳನ್ನು ಬೇರೆ ಡ್ರೈವಿಗೆ ತೆಗೆದು ವಿಂಡೋಸನ್ನು ಹೊಸದಾಗಿ ಹಾಕಿಸಿದೆವು.

ಮೊಮ್ಮಗ ಕೇಳಿದ: "ಫೈರ್‌ವಾಲ್ ಇತ್ತಲ್ಲ ತಾತ, ಅದು ಯಾಕೆ ತಡೀಲಿಲ್ಲ?" ಒಳ್ಳೆಯ ಪ್ರಶ್ನೆ. ಕಂಪ್ಯೂಟರಿಗೆ ಪೋರ್ಟ್ ಎಂಬ 65,536 ಬಾಗಿಲುಗಳು. ವಿಂಡೋಸಿನ ಫೈರ್‌ವಾಲ್ ಆ ಬಾಗಿಲು ಕಾಯುವ ಕಾವಲುಗಾರ. ಕರೆಯದೆ ಹೊರಗಿನಿಂದ ಬರುವವರನ್ನು ಅವನು ತಡೆಯುತ್ತಾನೆ. ಒಳಗಿನಿಂದ ಹೊರಗೆ ಹೋಗುವವರನ್ನು, ನಾವು ಬೇರೆ ಹೇಳದಿದ್ದರೆ, ಸಾಮಾನ್ಯವಾಗಿ ಕೇಳುವುದಿಲ್ಲ. ನಾವೇ ಕೈಹಿಡಿದು ಕರೆತಂದ ಅತಿಥಿ ಒಳಗಿನಿಂದ ತನ್ನವರಿಗೆ ಸುದ್ದಿ ಕಳಿಸಿದರೆ ಕಾವಲುಗಾರ ಏನು ಮಾಡಿಯಾನು?

ಈಗ ಮೊಮ್ಮಗನೂ ನಾನೂ ದಿನಬಳಕೆಗೆ ಸಾಮಾನ್ಯ ಖಾತೆ ಇಟ್ಟುಕೊಂಡಿದ್ದೇವೆ. ಹೊಸದೇನಾದರೂ ಹಾಕುವುದಿದ್ದರೆ ಅಡ್ಮಿನ್ ಪಾಸ್‌ವರ್ಡು ಬೇಕು. ಅದು ಇರುವುದು ಸೊಸೆಯ ಹತ್ತಿರ. ರೂಟರಿನ ಜೊತೆ ಬಂದ ಪಾಸ್‌ವರ್ಡನ್ನು ಬದಲಾಯಿಸಿದ್ದೇವೆ. ಅಪ್‌ಡೇಟ್ ಬಂದರೆ 'ಆಮೇಲೆ' ಎನ್ನುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು, ಯಾರೂ ಏನನ್ನೂ ಒತ್ತದೆಯೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಕೆಲಸ ನಿಂತಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು.

ಇವೆಲ್ಲ ಕಾವಲಿನ ಮಾತಾಯಿತು. ಅದಕ್ಕಿಂತ ದೊಡ್ಡದು ಬಾಯಿ ಬಿಟ್ಟು ಹೇಳುವುದು. ಬೈಗುಳದ ಭಯಕ್ಕೆ ಮಗು ಸುಮ್ಮನಿದ್ದಷ್ಟು ದಿನವೂ ಕಳ್ಳನಿಗೆ ಹಬ್ಬ. ಮಕ್ಕಳು ಮಾತ್ರ ಹೀಗೆ ಎನ್ನಬೇಡಿ. ಮೋಸದ ಕರೆಗೆ ದುಡ್ಡು ಕಳೆದುಕೊಂಡ ನನ್ನ ವಯಸ್ಸಿನವರೂ 'ಮಗ ಏನಂದುಕೊಂಡಾನು' ಎಂದು ವಾರಗಟ್ಟಲೆ ಒಳಗೇ ನುಂಗಿಕೊಳ್ಳುತ್ತಾರೆ. ಹಣ ಹೋದ ತಕ್ಷಣ 1930ಕ್ಕೆ ಫೋನು ಮಾಡಿದರೆ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ತಡವಾದಷ್ಟೂ ಅದು ಕೈತಪ್ಪುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದೇ ಕಾನೂನು: ತಾನಾಗಿ ಬಂದು ಹೇಳಿದವರನ್ನು, ಚಿಕ್ಕವರಿರಲಿ ದೊಡ್ಡವರಿರಲಿ, ಆ ದಿನ ಯಾರೂ ಬೈಯುವಂತಿಲ್ಲ.

ಮೊನ್ನೆ ರಾತ್ರಿ ಮೊಮ್ಮಗ ರೂಟರಿನ ಪುಟದಲ್ಲಿ ಯಾವ ಯಾವ ಸಾಧನ ಸೇರಿಕೊಂಡಿದೆ ಎಂದು ನೋಡುತ್ತಿದ್ದ. "ತಾತ, ಆರು ಇರಬೇಕು, ಏಳು ತೋರಿಸ್ತಿದೆ!" ಎಂದು ಕೂಗಿದ. ಅಜ್ಜಿ ತಟ್ಟೆ ಹಾಕಿ ಕರೆದರೂ ಏಳಲಿಲ್ಲ. ಏಳನೆಯದು ಹೋದ ವಾರ ತಂದ ಹೊಸ ಟಿವಿ ಎಂದು ಖಾತ್ರಿಯಾದ ಮೇಲೆಯೇ ಅವನು ಕೈತೊಳೆದು ಊಟಕ್ಕೆ ಕೂತದ್ದು.