ಮಡಿಕೇರಿಯಲ್ಲಿ ವರ್ಷಕ್ಕೊಂದು ವಾರ, 25 ವರ್ಷ

ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಟೈಮ್‌ಶೇರ್ ತಗೊಳ್ಳೋಣವೇ ಎಂಬ ಮಾತು ನಮ್ಮನೆಯಲ್ಲಿ ಎದ್ದಾಗ, ರೂಮಿನ ಫೋಟೊಗಳನ್ನು ಪಕ್ಕಕ್ಕಿಟ್ಟು ಸುತ್ತಮುತ್ತ ನೋಡಲು ಹೊರಟೆವು. ಅದೂ ಜುಲೈನಲ್ಲಿ! ಯಾಕೆ ಅಂತೀರಾ? ನಮ್ಮ ಬಜೆಟ್ಟಿಗೆ ಎಟುಕುತ್ತಿದ್ದದ್ದು ಮಳೆಗಾಲದ ವಾರ ಮಾತ್ರ. ಬೇಸಿಗೆ ರಜೆ, ಡಿಸೆಂಬರ್ ಕೊನೆ ಬೇಕೆಂದರೆ ದುಡ್ಡು ಜಾಸ್ತಿ.

ರಾಜಾಸೀಟಿನಿಂದ ಕಂಡದ್ದು ಬರೀ ಬಿಳಿ ಮಂಜು. ಅಬ್ಬಿ ಜಲಪಾತ ಮಾತ್ರ, ಅಬ್ಬಬ್ಬಾ, ಬೇಸಿಗೆಯಲ್ಲಿ ನೋಡಿದವರಿಗೆ ಗುರುತೇ ಸಿಗದು. ಆದರೆ ಕಾಫಿ ತೋಟದ ನಡುವಿನ ಆ ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಅತ್ತೆಯ ಮಂಡಿ ಹಿಡಿದುಕೊಂಡಿತು. ನಾನು ಅಲ್ಲೇ ಲೆಕ್ಕ ಹಾಕಿದೆ: ಈಗ ನನಗೆ 48, ಕರಾರು ಮುಗಿಯುವಾಗ 73.

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಸುಮಾರು 120 ಕಿ.ಮೀ. ರಸ್ತೆಯೇ ಗತಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಗಿದ್ದು ನೆನಪಿದೆಯಲ್ಲ? ಸೇಲ್ಸ್‌ನವರು ಈಜುಕೊಳ ತೋರಿಸಿದರೇ ಹೊರತು ಹಿಂದಿನ ಇಳಿಜಾರಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಎದುರಿನ ಅಂಗಡಿಯವರನ್ನು ಕೇಳಿದೆ, "ಕರೆಂಟು ಹೋದರೆ ಯಾವಾಗ ಬರುತ್ತೆ?" "ಮಳೆ ಬಿಟ್ಟ ಮೇಲೆ ಅಕ್ಕಾ" ಅಂದರು. ಮುಚ್ಚುಮರೆಯಿಲ್ಲದ ಉತ್ತರ! ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಮಡಿಕೇರಿ ಆಸ್ಪತ್ರೆಗೆ ಎಷ್ಟು ಹೊತ್ತು ಅಂತ ನಮ್ಮವರು ಮಳೆಯಲ್ಲೇ ಕಾರು ಓಡಿಸಿ ನೋಡಿದರು. ಮುಕ್ಕಾಲು ಗಂಟೆ.

ಹೋಗಲಿ ಬಿಡಲಿ, ವರ್ಷಾವರ್ಷ ನಿರ್ವಹಣಾ ಶುಲ್ಕ ಕಟ್ಟಲೇಬೇಕು. ಅದೂ ಏರುತ್ತಾ ಹೋಗುತ್ತದೆ. ಸಹಿ ಹಾಕಲಿಲ್ಲ. ಕಾಫಿ ಹೂ ಅರಳುವ ಕಾಲ ನೋಡಿಕೊಂಡು ಮಾರ್ಚ್‌ಗೆ ಹೋಂಸ್ಟೇ ಹೇಳಿಟ್ಟಿದ್ದೇವೆ, ಅತ್ತೆಗೆ ನೆಲಮಹಡಿಯ ಕೋಣೆ.